ತತ್ತಿ ತಿನ್ನದ ಮನೆಯ ಗಾಡಿ

ಅವ್ವಮ್ಮನ ಕಥೆಗಳಲ್ಲಿ ಮೊದಲು ನಾತ ಬರುತ್ತಿತ್ತು, ರಾಕ್ಷಸಿ ಆಮೇಲೆ. ಏಳು ಕೆರೆಯಾಚೆ ಗಾಳಿ ಹಳಸುತ್ತಿತ್ತು, ಅರಮನೆಯ ಹಾಲು ಒಡೆಯುತ್ತಿತ್ತು, ರಾಣಿಯರು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಸಿಯರ ಮೇಲೆ ತಪ್ಪು ಹೊರಿಸುತ್ತಿದ್ದರು. ಕಡೆಗೆ ಮೂಗು ಮುಚ್ಚಿಕೊಳ್ಳದ ಕಿರಿಸೊಸೆಯೊಬ್ಬಳು ನಾತದ ಎಳೆ ಹಿಡಿದು ನಡೆದು ರಾಕ್ಷಸಿಯ ಬಾಗಿಲು ಮುಟ್ಟುತ್ತಿದ್ದಳು. ಕಟ್ಟಡ ಕಟ್ಟುವವರ ತಗಡಿನ ಶೆಡ್ಡಿನಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಇಂಥವನ್ನು ಕೇಳಿ ಬೆಳೆದ ಶಿವಕಾಂತಾಳಿಗೆ ಈಗ ಇಪ್ಪತ್ತಾರು. ಪುಣೆ ಹತ್ತಿರದ ತಳೇಗಾಂವದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಯಾವ ಗಾಡಿಯ ಬಾನೆಟ್ ಎತ್ತಿದರೂ ಗುಹೆಯೊಂದರ ಬಾಗಿಲು ತೆರೆದಂತೆ ಅವಳ ಎದೆ ಇವತ್ತಿಗೂ ಝಲ್ಲೆನ್ನುತ್ತಿತ್ತು. ಅದನ್ನು ಗ್ಯಾರೇಜಿನವರಿಗೆ ಹೇಳಿದ್ದರೆ ಮರುದಿನದಿಂದ ಅವಳ ಕೈಗೆ ಕಸಬರಿಗೆ ಕೊಡುತ್ತಿದ್ದರು, ಹಾಗಾಗಿ ಹೇಳಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಬಿಬವೇವಾಡಿಯ ಒಂದು ಸೊಸೈಟಿಯ ಪಾರ್ಕಿಂಗಿನಲ್ಲಿ, ಹೆಗಲಿಗೆ ಉಪಕರಣದ ಚೀಲ ಹಾಕಿಕೊಂಡು ನಿಂತಿದ್ದಳು. ಎದುರಿಗೆ ನಿಜಲಿಂಗಪ್ಪನವರ ಬಿಳಿ ಕಾರು. ಪಕ್ಕದಲ್ಲಿ ಅವಳ ಅಪ್ಪ ಹಣಮಂತ್ರಾಯ, ಆ ಕಾರಿನ ಕೀಲಿಯನ್ನು ಎರಡೂ ಅಂಗೈಗಳ ನಡುವೆ ತೀರ್ಥ ಹಿಡಿದವನ ಹಾಗೆ ಹಿಡಿದುಕೊಂಡು ನಿಂತಿದ್ದ. ಇವತ್ತು ಅದನ್ನು ಒಪ್ಪಿಸಿ ಕೆಲಸ ಬಿಟ್ಟು ಹೋಗಬೇಕೆಂದು ಅಪ್ಪಣೆಯಾಗಿತ್ತು.

ಬುಧವಾರ ನಡೆದದ್ದು ಇಷ್ಟು. ಮೂರು ವಾರದಿಂದ ಕಾರಿನ ಹಿಂದಿನ ಕೊಳವೆಯಿಂದ ಕೆಟ್ಟ ನಾತ ಬರುತ್ತಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ, ಬೆಲ್ಲದ ದೊಡ್ಡ ವ್ಯಾಪಾರ ನಿಜಲಿಂಗಪ್ಪನವರದು. ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ಮೂರು ಫ್ಲಾಟು ಮಾಡಿದವರು. ಬುಧವಾರ ಬೀಗರು ಬಂದು ಕಾರಿನಿಂದ ಇಳಿಯುತ್ತಲೇ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ನಿಜಲಿಂಗಪ್ಪನವರಿಗೆ ಅಷ್ಟು ಸಾಕಾಯಿತು. ವಾಚ್‌ಮನ್, ತರಕಾರಿಯವಳು, ಆಚೀಚೆ ಫ್ಲಾಟಿನ ಚಾಲಕರು ಎಲ್ಲರ ಮುಂದೆ ಮೊದಲು ಕನ್ನಡದಲ್ಲಿ ಬೈದರು: "ನನ್ನ ಪೆಟ್ರೋಲ್ ಮಾರ್ಕೊಂಡು ಸೀಮೆಎಣ್ಣಿ ಸುರೀತಿ ಏನಲೇ?" ಕನ್ನಡ ಯಾರಿಗೂ ತಿಳಿಯಲಿಲ್ಲ ಎಂದು ಹೊಳೆದದ್ದೇ ಮರಾಠಿಗೆ ತಿರುಗಿದರು. "ಹಾ ಚೋರ್ ಆಹೆ! ಪೆಟ್ರೋಲ್ ವಿಕೂನ್ ರಾಕೆಲ್ ಟಾಕತೋ!" ಎಂದು ಎರಡು ಸಲ, ಸಾವಕಾಶ, ಪ್ರತಿ ಶಬ್ದ ಬಿಡಿಸಿ ಕೂಗಿದರು. ಇವನು ಕಳ್ಳ, ಪೆಟ್ರೋಲು ಮಾರಿ ಸೀಮೆಎಣ್ಣೆ ಹಾಕುತ್ತಾನೆ ಎಂಬುದು ಅಂದು ಸಂಜೆಯೊಳಗೆ ಯಾರ್ಡಿನ ಎಲ್ಲ ಚಾಲಕರಿಗೂ ತಲುಪಿತ್ತು.

ಹತ್ತೊಂಬತ್ತು ವರ್ಷ ಆ ಮನೆಯ ಗಾಡಿ ಓಡಿಸಿದ ಹಣಮಂತ್ರಾಯ ಬುಧವಾರ ಸಂಜೆಯ ಮೇಲೆ ಚಹಾದಂಗಡಿಗೆ ಹೋಗಿರಲಿಲ್ಲ. ಅಲ್ಲಿ ಮೊದಲು ಜಾಗ ಬಿಟ್ಟು ಕೊಡುತ್ತಿದ್ದವರು ಅಂದು ಜಾಗ ಬಿಟ್ಟು ದೂರ ಸರಿದಿದ್ದರು. ಕಳ್ಳ ಎನ್ನಿಸಿಕೊಂಡವನ ಕೈಗೆ ಇನ್ನೊಬ್ಬ ಸಾಹುಕಾರ ಸ್ಟೇರಿಂಗ್ ಕೊಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಇದ್ದದ್ದೇ ಆ ಒಂದು ಹೆಸರು: ಹಣಮಂತ ಅಂದರೆ ಒಂದು ಹನಿ ಮುಟ್ಟದವನು.

"ಸಾಹೇಬ್ರು ಸಿಟ್ಟಿನ್ಯಾಗ ಅಂದಾರವ್ವ" ಎಂದು ಅವನು ಮನೆಯಲ್ಲಿ ಹೇಳಿದಾಗ ಶಿವಕಾಂತಾಳಿಗೆ ಸಾಹೇಬರ ಮೇಲೆ ಬಂದದ್ದು ಸಿಟ್ಟು, ಅಪ್ಪನ ಮೇಲೆ ಬಂದದ್ದು ಸಿಟ್ಟಿಗಿಂತ ಕೆಳಗಿನದು. ಬೈಸಿಕೊಂಡು ಬಂದವನು ಬೈದವರ ಪರವಾಗಿ ವಕೀಲಿ ಮಾಡುವುದನ್ನು ನೋಡಿ ಅವಳ ಬಾಯಿ ಕಹಿಯಾಯಿತು.

"ಕೀಲಿ ಕೊಡೂಕಿಂತ ಮದ್ಲ ಗಾಡಿ ನಾ ಒಂದ್ಸಲ ನೋಡ್ತೀನಿ" ಎಂದಿದ್ದಳು. "ನೀ ಬ್ಯಾಡ ಅಂದ್ರೂ ನೋಡ್ತೀನಿ."

ಈಗ ಲಿಫ್ಟಿನಿಂದ ನಿಜಲಿಂಗಪ್ಪನವರ ಹೊಟ್ಟೆ ಹೊರಗೆ ಬಂತು, ಹಿಂದಿನಿಂದ ನಿಜಲಿಂಗಪ್ಪನವರು. ಇಸ್ತ್ರಿಯ ಬಿಳಿ ಅಂಗಿ, ಬೆರಳು ತುಂಬ ಉಂಗುರ. ಹಿಂದೆ ಹೆಂಡತಿ ಚನ್ನಬಸವ್ವ, ರೇಷ್ಮೆ ಸೀರೆಯಲ್ಲಿ. ಹನ್ನೊಂದಕ್ಕೆ ಬಾರಾಮತಿಯ ನೆಂಟರ ವಾಸ್ತುಶಾಂತಿಗೆ ಹೊರಡಬೇಕಿತ್ತು. ಅವರ ಹಿಂದೆ ಶಮಂತ್, ನಿಜಲಿಂಗಪ್ಪನವರ ತಂಗಿಯ ಮಗ. ಬೆಂಗಳೂರಿನಲ್ಲಿ ಬೆಳೆದು ಹಿಂಜವಡಿಯ ಆಫೀಸಿಗೆ ಬಂದವನು, ಮಾವನ ಮನೆಯಲ್ಲಿ ಉಳಿದು ಮಾವನ ಉಪ್ಪಿಟ್ಟಿಗೆ ದಿನಾ ಕೊಂಕು ತೆಗೆಯುವವನು. ಸೀಮೆಎಣ್ಣೆಯ ಸಂಶೋಧನೆ ಮಾಡಿದ್ದೂ ಅವನೇ, ಮೊಬೈಲಿನಲ್ಲಿ ಒಂದೂವರೆ ವಿಡಿಯೋ ನೋಡಿ.

"ಏನ್ ಹಣಮಂತ್ರಾಯ, ಕೀಲಿ ತಂದಿ?"

"ಹೌದ್ರಿ ಸಾಹೇಬ್ರ. ಮಗಳು… ಒಂದೀಟು ಗಾಡಿ ನೋಡ್ತೀನಂತಾಳ್ರಿ."

"ಮಗಳಾ?" ನಿಜಲಿಂಗಪ್ಪನವರು ಅವಳನ್ನು ಮೇಲಿಂದ ಕೆಳಗೆ ನೋಡಿದರು, ಮೆಣಸಿನಕಾಯಿಯ ಚೀಲದಲ್ಲಿ ಕೈಯಾಡಿಸಿ ಕಡ್ಡಿ ತುಂಬಿದ ಮಾಲೆಂದು ತಿಳಿದಾಗ ನೋಡುವ ಹಾಗೆ. "ಇಕೀ ಏನ್ ನೋಡ್ತಾಳ?"

"ಲೇಡಿ ಮೆಕ್ಯಾನಿಕ್ಕಾ? ಕ್ಯೂಟ್" ಎಂದ ಶಮಂತ್. "ಅಂಕಲ್, ನಾನು ಆವಾಗ್ಲೇ ಹೇಳಿದೀನಲ್ಲ, ಇದು ಕ್ಲಿಯರ್ ಆಗಿ ಫ್ಯೂಯಲ್ ಅಡಲ್ಟರೇಷನ್ ಕೇಸು. ಇವ್ರು ನೋಡಿ ಏನ್ ಮಾಡ್ತಾರೆ?"

ಶಿವಕಾಂತಾ ಅವನ ಬಿಳಿ ಬೂಟನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ಬೂಟಿನಲ್ಲಿ ಹೆಚ್ಚು ಬುದ್ಧಿ ಕಂಡಿತು.

"ಸಾಹೇಬ್ರ, ಹನ್ನೊಂದಕ್ಕ ಹೊಂಡ್ತೀರಿ. ಹೊಸಾ ಡ್ರೈವರ್ ಹತ್ತೂವರಿಗಿ ಬರ್ತಾನಂತ. ಅಲ್ಲೀತನ ಗಾಡಿ ಸುಮ್ನ ನಿಂತೇ ನಿಂತಿರ್ತದ. ನಾ ನೋಡಿದ್ರ ನಿಮ್ದೇನ್ ಸವೀತದ? ಮದ್ಲ ಒಂದು ಹೇಳ್ರಿ, ನಾತ ಹೆಂಥಾದು?"

"ಸೀಮೆಎಣ್ಣೀದು" ಎಂದರು ನಿಜಲಿಂಗಪ್ಪ.

"ಗಟಾರದ್ದು" ಎಂದಳು ಚನ್ನಬಸವ್ವ, ಆ ಶಬ್ದವನ್ನೂ ತುದಿಬೆರಳಲ್ಲಿ ಹಿಡಿದಂತೆ.

ಒಂದೇ ನಾತ ಗಂಡನಿಗೆ ಒಂದು ಬಗೆ, ಹೆಂಡತಿಗೆ ಇನ್ನೊಂದು ಬಗೆ. ಶಿವಕಾಂತಾ ಕಾರನ್ನು ಶುರು ಮಾಡಿಸಿ ಹಿಂದಕ್ಕೆ ಹೋಗಿ ಕೊಳವೆಯ ಹತ್ತಿರ ಮೊಣಕಾಲೂರಿ ಕೂತಳು. ಮೂಗು ಮುಚ್ಚಿಕೊಳ್ಳಲಿಲ್ಲ. ಒಂದು ಉಸಿರು, ಎರಡು ಉಸಿರು. ಅವಳ ತುಟಿ ಓರೆಯಾಯಿತು.

"ಕೊಳತ ತತ್ತಿ ನಾತ ಹಂಗ ಇಲ್ಲೇನ್ರಿ?"

ನಿಜಲಿಂಗಪ್ಪನವರು ಬೆರಳಿನ ಉಂಗುರ ತಿರುವಿದರು. ಮೂರು ತಲೆಮಾರಿನಿಂದ ತತ್ತಿಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆ ಅದು. ಕೊಳೆತ ತತ್ತಿ ಹೇಗೆ ನಾರುತ್ತದೆ ಎಂದು ಗೊತ್ತಿದೆ ಎನ್ನುವುದು, ಒಳ್ಳೆಯ ತತ್ತಿ ಹೇಗಿರುತ್ತದೆ ಎಂದು ಗೊತ್ತಿದೆ ಎಂದು ಒಪ್ಪಿಕೊಂಡ ಹಾಗೆ. ಶಿವಕಾಂತಾಳಿಗೆ ಆಗ ತಿಳಿಯಿತು: ಈ ಮನೆತನ ಮೂರು ವಾರದಿಂದ ಆ ನಾತವನ್ನು ಅದರ ಹೆಸರು ಹಿಡಿದು ಕರೆಯಲಾರದೆ ಸೀಮೆಎಣ್ಣೆ ಎಂದು ಕರೆದಿತ್ತು, ಸೀಮೆಎಣ್ಣೆ ಅಂದಮೇಲೆ ಅದನ್ನು ಸುರಿದವನೊಬ್ಬ ಬೇಕಾಗಿದ್ದ. ಮಡಿಗೆ ಮುಸುರೆ ತಾಗಬಾರದೆಂದು ಅಪ್ಪನ ಕೊರಳಿಗೆ ಕಳ್ಳತನ ಕಟ್ಟಿದ್ದರು.

"ಹ್ಞಾಂ, ಎಕ್ಸಾಕ್ಟ್ಲಿ!" ಶಮಂತ್ ಚಿಟಿಕೆ ಹೊಡೆದ. "ಕೊಳೆತ ಮೊಟ್ಟೆನೇ. ಒಡೆದು ಪ್ಯಾನಿಗೆ ಹಾಕಿದ ತಕ್ಷಣ ಬರತ್ತಲ್ಲ, ಸೇಮ್…"

"ನಿನಗ ಹೆಂಗ ಗೊತ್ತು?" ಚನ್ನಬಸವ್ವನ ಧ್ವನಿ ತಣ್ಣಗಿತ್ತು.

"ಅದು… ಹಾಸ್ಟೆಲಲ್ಲಿ, ರೂಮ್‌ಮೇಟ್ ಮಾಡ್ಕೋತಿದ್ದ ಅತ್ತೆ. ನಾನು ಕಿಟಕಿ ತೆಗೀತಿದ್ದೆ."

"ಪ್ಯಾನಿನ ಹತ್ತರ ನಿಂತು ಕಿಟಕಿ ತಗೀತಿದ್ರಿ, ಭಾಳ ಉದ್ದ ಕೈ ನಿಮ್ದು" ಎಂದು ಶಿವಕಾಂತಾ ಬಾನೆಟ್ ಎತ್ತಿದಳು.

ಅವಳು ಕೆಲಸಕ್ಕೆ ಇಳಿದಾಗ ಸುತ್ತಲಿನವರು ಸಣ್ಣವರಾದರು. ಅವಳಿಗೆ ಈ ನಾತದ ಜಾತಕ ಗೊತ್ತಿತ್ತು. ಪೆಟ್ರೋಲಿನಲ್ಲಿ ಹುಟ್ಟಿನಿಂದಲೇ ಚೂರು ಗಂಧಕ ಇರುತ್ತದೆ. ಹೊಗೆ ಹೋಗುವ ದಾರಿಯಲ್ಲಿ ಹೊಟ್ಟೆಯಂಥ ಒಂದು ಡಬ್ಬಿ ಕೂತಿರುತ್ತದೆ, ಕನ್ವರ್ಟರ್ ಎಂದು. ಅದು ವಿಷವನ್ನೆಲ್ಲ ಅರಗಿಸಿ, ಗಂಧಕವನ್ನೂ ನಾರದ ಹಾಗೆ ಮಾಡಿ ಹೊರಗೆ ಬಿಡುತ್ತದೆ. ಇಂಜಿನ್ನು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲು ಕುಡಿಯತೊಡಗಿದರೆ ಆ ಹೊಟ್ಟೆಗೆ ಅಜೀರ್ಣ. ಆಗ ಬರುವ ತೇಗಿನ ನಾತ ಇದು. ಬ್ಯಾಟರಿ ಕುದಿದರೂ ಇಂಥದೇ ನಾತ ಬರುವುದುಂಟು, ಅದಕ್ಕೆ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಹಚ್ಚಿದಳು. ಹದಿನಾಲ್ಕು ವೋಲ್ಟಿನ ಮೇಲೆ ಒಂದು ಚೂರು, ಸರಿಯಾದ ಅಳತೆ. ಬ್ಯಾಟರಿ ನಿರಪರಾಧಿ.

"ಟೈಮ್ ವೇಸ್ಟ್" ಎಂದ ಶಮಂತ್. "ಕನ್ವರ್ಟರೇ ಹೋಗಿದೆ, ಅಡಲ್ಟರೇಟೆಡ್ ಫ್ಯೂಯಲ್‌ನಿಂದ. ಕಾಮನ್ ಸೆನ್ಸ್."

"ಕಾಮನ್ ಸೆನ್ಸ್ ನಿಮ್ ಕಡಿ ಭಾಳ ಅದ, ನಮಗೂ ಒಂದೀಟು ಹಚ್ರಿ" ಎಂದು ಅವಳು ಚೀಲದಿಂದ ಒಂದು ದುಂಡನೆಯ ಬಿಳಿ ಕಾಗದ ತೆಗೆದಳು. ಬಂಕುಗಳಲ್ಲಿ ಗಿರಾಕಿ ಅನುಮಾನಪಟ್ಟರೆ ಕೊಡುತ್ತಾರಲ್ಲ, ಆ ಸೋಸುಕಾಗದ. ಇಂಜಿನ್ ಆರಿಸಿ, ಪೆಟ್ರೋಲಿನ ಕೊಳವೆಯಿಂದ ನಾಲ್ಕು ಹನಿ ಮುಚ್ಚಳಕ್ಕಿಳಿಸಿ ಒಂದು ಹನಿಯನ್ನು ಕಾಗದದ ಎಡಕ್ಕೆ ಬಿಟ್ಟಳು. ಸಣ್ಣ ಸೀಸೆಯೊಂದರಲ್ಲಿ ತಂದಿದ್ದ ಸೀಮೆಎಣ್ಣೆಯ ಒಂದು ಹನಿಯನ್ನು ಬಲಕ್ಕೆ ಬಿಟ್ಟಳು. ಕಾಗದವನ್ನು ನಿಜಲಿಂಗಪ್ಪನವರ ಕೈಗೇ ಕೊಟ್ಟಳು.

"ಎರಡು ನಿಮಿಷ ಹಿಡೀರಿ. ಊದಬ್ಯಾಡ್ರಿ, ಒರಸಬ್ಯಾಡ್ರಿ."

ಲಕ್ಷಾಂತರ ಚೀಲ ಮೆಣಸಿನಕಾಯಿಯ ಒಡೆಯ ಎರಡು ನಿಮಿಷ ಒಂದು ಕಾಗದದ ಚೂರು ಹಿಡಿದು ನಿಂತರು. ವಾಚ್‌ಮನ್ ಬಂದ. ಮೂರನೇ ಮಹಡಿಯ ಕುಸುಮ ಎಂಬಾಕೆ ಹಾಲಿನ ಚೀಲ ಹಿಡಿದು ಬಂದವಳು ಅಲ್ಲೇ ನಿಂತಳು. ಪಕ್ಕದ ಕಾರು ಒರೆಸುತ್ತಿದ್ದ ಚಾಲಕರಿಬ್ಬರು ಬಟ್ಟೆ ಹಿಂಡುವುದನ್ನು ನಿಲ್ಲಿಸಿದರು. ಎಡದ ಹನಿ ಅಂಚಿನಿಂದ ಒಳಕ್ಕೆ ಸರಿಯುತ್ತ, ಸರಿಯುತ್ತ, ಇರಲೇ ಇಲ್ಲವೆಂಬಂತೆ ಹಾರಿಹೋಯಿತು. ಬಲದ್ದು ಪಾಪಡದಿಂದ ಇಳಿದ ಎಣ್ಣೆಯಂತೆ ದುಂಡಗೆ ಉಳಿಯಿತು.

"ನಿಮ್ಮ ಪೆಟ್ರೋಲ್ ಟಾಕಿದು ಎಡಕಿಂದು. ಕಲೆ ಅದೇನ್ರಿ?"

ನಿಜಲಿಂಗಪ್ಪನವರು ಕಾಗದ ತಿರುವಿ ಹಿಂಬದಿ ನೋಡಿದರು, ಅಲ್ಲಾದರೂ ಕಲೆ ಇದ್ದೀತೆಂಬ ಆಸೆಯಿಂದ. "ಕಾಗದ ನೀನಽ ತಂದೀದಿ" ಎಂದರು.

"ಬೆಂಕಿ ಪೆಟ್ಟಿಗಿ ನೀವ್ ತರ್ರಿ, ಟಾಕಿ ಬಾಯಾಗ ಗೀರಿ ನೋಡಮು."

"ಶಿವೂ!" ಎಂದ ಅಪ್ಪ. ಕೀಲಿ ಇನ್ನೂ ಅಂಗೈಗಳ ನಡುವೆ ಇತ್ತು.

ಅವಳು ಅಪ್ಪನಿಂದ ಇಂಜಿನ್ ಮತ್ತೆ ಶುರು ಮಾಡಿಸಿ ಸ್ಕ್ಯಾನರ್ ಹಚ್ಚಿದಳು, ಸ್ಟೇರಿಂಗಿನ ಕೆಳಗೆ ಅಂಗೈಯಗಲದ ಡಬ್ಬಿ. ಪರದೆಯ ಮೇಲೆ ಅಂಕಿ ಬಂದವು. ಗಾಡಿಯ ಕಂಪ್ಯೂಟರು ಪೆಟ್ರೋಲನ್ನು ನೂರಕ್ಕೆ ಇಪ್ಪತ್ತಮೂರು ಪಾಲು ಕಡಿಮೆ ಮಾಡಲು ಒದ್ದಾಡುತ್ತಿತ್ತು, ಆದರೂ ಇಂಜಿನ್ನು ಹೆಚ್ಚೇ ಕುಡಿಯುತ್ತಿತ್ತು. ಗಾಳಿ ಅಳೆಯುವ ಸೆನ್ಸರು ಇಲ್ಲದ ಗಾಳಿಯನ್ನು ಇದೆ ಎಂದು ಹೇಳುತ್ತಿತ್ತು. ಅಂದರೆ ಒಳಗೆ ಒಂದು ಸುಳ್ಳುಬುರುಕ ನಾಲಿಗೆ ಇದೆ. ಅವಳ ಎದೆ ಝಲ್ಲೆಂದಿತು. ಎಳೆ ಕೈಗೆ ಸಿಕ್ಕಿತ್ತು. ಅದು ಹೋಗುವ ಬಾಗಿಲು ಒಂದೇ: ಗಾಡಿ ಉಸಿರು ಎಳೆದುಕೊಳ್ಳುವ, ಫಿಲ್ಟರ್ ಕೂತ ಕಪ್ಪು ಪೆಟ್ಟಿಗೆ.

ಇಂಜಿನ್ ಆರಿಸಿ ಅದರ ಕ್ಲಿಪ್ಪಿಗೆ ಅವಳು ಕೈ ಹಾಕಿದ್ದೇ ಹಣಮಂತ್ರಾಯ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದ.

"ಅದು ಬ್ಯಾಡವ್ವ."

"ಯಾಕ?"

"ಬ್ಯಾಡಂದ್ರ ಬ್ಯಾಡ. ಬಂದ್ ಮಾಡು. ಕೀಲಿ ಕೊಟ್ಟು ಹೋಗಮು."

ಅಪ್ಪನ ಮುಖ ಸುಣ್ಣದಂತಾಗಿತ್ತು. ಏನು ಮುಚ್ಚಿಡುತ್ತಿದ್ದಾನೆ ಇವನು? ನಿಜಲಿಂಗಪ್ಪನವರ ಹುಬ್ಬು ಮೇಲೇರಿತು. "ನೋಡಿದ್ರೇನು? ಕಳ್ಳನ ಕೈ ತಾನಽ ಅಡ್ಡ ಬಂತು" ಎಂದರು, ಜಾತ್ರೆಯಲ್ಲಿ ಕಳೆದ ಹಸು ಸಿಕ್ಕವರ ಹಿಗ್ಗಿನಿಂದ.

ಆ ಹಿಗ್ಗೇ ಅವಳ ಕೈ ಬಿಡಿಸಿತು. ಒಂದು, ಎರಡು, ಮೂರು, ನಾಲ್ಕು ಕ್ಲಿಪ್ಪು. ಮುಚ್ಚಳ ಎತ್ತಿದಳು.

ಒಳಗೆಲ್ಲ ಹಳದಿ.

ಹಳದಿಯೆಂದರೆ ಸೋಕಿದ ಹಳದಿಯಲ್ಲ, ಬೊಗಸೆಗಟ್ಟಲೆ. ಫಿಲ್ಟರಿನ ಮಡಿಕೆ ಮಡಿಕೆಗಳಲ್ಲಿ ಅರಿಶಿನ ಗಿಡಿದು ಗಟ್ಟಿಯಾಗಿತ್ತು. ಅದರಾಚೆ, ಗಾಳಿಯ ಸೆನ್ಸರಿನ ಕೂದಲಿನಷ್ಟು ತೆಳ್ಳಗಿನ ತಂತಿಯ ಮೇಲೆ ಅರಿಶಿನ ಸುಟ್ಟು ಕಂದು ಹೊದಿಕೆಯಾಗಿ ಕೂತಿತ್ತು. ಪೆಟ್ಟಿಗೆಯಿಂದ ಮದುವೆಮನೆಯ ವಾಸನೆ ಎದ್ದು ಬಂತು.

"ಇದೇನಪ್ಪಾ ಇದು?"

ಹಣಮಂತ್ರಾಯ ನೆಲ ನೋಡಿದ. ಚನ್ನಬಸವ್ವ ಸೆರಗು ತಲೆಯ ಮೇಲೆಳೆದುಕೊಂಡು, ಪೆಟ್ಟಿಗೆಗೆ ಕೈಮುಗಿದಳು.

"ಜೇಜೂರಿ ಭಂಡಾರ ಅದು" ಎಂದಳು. "ನಮ್ಮ ಮಲ್ಲಯ್ಯಂದು."

ಮೂರು ವಾರದ ಹಿಂದೆ ಸೋಮವತಿ ಅಮಾವಾಸ್ಯೆಗೆ ಅವರೆಲ್ಲ ಜೇಜೂರಿಗೆ ಹೋಗಿದ್ದರು. ಬೆಟ್ಟದ ಮೇಲೆ ಮಲ್ಲಯ್ಯನಿಗೆ ಭಂಡಾರದ ಅರಿಶಿನ ಎರಚಿ ಬಂದಮೇಲೂ ಚನ್ನಬಸವ್ವನ ಚೀಲದಲ್ಲಿ ಎರಡು ಸೇರು ಉಳಿದಿತ್ತು. ಹಣೆಗೆ ಹಚ್ಚಿ, ಚಕ್ರಕ್ಕೆ ಹಚ್ಚಿ, ಬಾನೆಟ್ಟಿಗೆ ಎರಚಿದರೂ ಆಕೆಯ ಮನಸ್ಸು ತುಂಬಲಿಲ್ಲ. "ಹಣಮಂತ್ರಾಯ, ಗಾಡಿ ಉಸಿರು ಎಲ್ಲಿಂದ ತಗೋತದ?" ಎಂದು ಕೇಳಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಆ ಮನೆಯವರು ಗಾಡಿಯ ಬಗ್ಗೆ ಅವನನ್ನು ಕೇಳಿದ ಒಂದೇ ಪ್ರಶ್ನೆ ಅದು. ಅವನು ಉಬ್ಬಿಹೋಗಿ, ಮುಚ್ಚಳ ತೆಗೆದು, ಫಿಲ್ಟರ್ ಎತ್ತಿ ಹಿಡಿದು, "ಇಲ್ಲಿಂದ ರೀ ಅಮ್ಮಾರೆ" ಎಂದು ತೋರಿಸಿದ್ದ. ಆಕೆ, "ಏಳುಕೋಟಿ ಏಳುಕೋಟಿ" ಎಂದು ದೇವರ ಜಯಕಾರ ಹಾಕುತ್ತ ಎರಡೂ ಕೈಯಿಂದ ಸುರಿದಿದ್ದಳು. ಅವನೇ ಮೇಲೆ ಮುಚ್ಚಳ ಹಾಕಿದ್ದ.

ಇದೆಲ್ಲ ತುಂಡು ತುಂಡಾಗಿ ಹೊರಬಿತ್ತು. ನಾತಕ್ಕೂ ಭಂಡಾರಕ್ಕೂ ನಂಟಿರಬಹುದೆಂದು ಅಪ್ಪನಿಗೆ ಹೊಳೆದದ್ದು ಮಗಳು ಆ ಕ್ಲಿಪ್ಪಿಗೆ ಕೈ ಹಾಕಿದಾಗಲೇ. ಹೊಳೆದ ಕೂಡಲೇ ಅವನು ಮಾಡಿದ್ದು ಅಮ್ಮಾವರ ಮಾನ ಉಳಿಸಲು ಕೈ ಅಡ್ಡ ಇಟ್ಟದ್ದು. ಶಿವಕಾಂತಾ ಅಪ್ಪನನ್ನು ನೋಡಿದಳು. ಅವ್ವಮ್ಮನ ಕಥೆಗಳಲ್ಲಿ ರಾಕ್ಷಸರ ಮನೆಯಲ್ಲೂ ಇಂಥ ಆಳೊಬ್ಬನಿರುತ್ತಿದ್ದ, ಬಾಗಿಲು ಕಾಯುವವನು. ಆಗೆಲ್ಲ ಅವನ ಬಗ್ಗೆ ಅವಳು ಏನೂ ಕೇಳಿರಲಿಲ್ಲ. ಕೇಳುವಷ್ಟು ದೊಡ್ಡವನಾಗಿ ಕಂಡಿರಲಿಲ್ಲ.

"ಸಾಹೇಬ್ರ, ನೋಡಿದ್ರಿಲ್ಲ? ಸೀಮೆಎಣ್ಣಿ ಅಲ್ಲ. ಇದರಿಂದ ನಾತ."

"ಏ ಹುಡುಗಿ!" ಚನ್ನಬಸವ್ವ ಗುಡುಗಿದಳು. "ಭಂಡಾರ ನಾತ ಹೊಡೀತದಂತ ನನ್ನ ಮುಂದ ಅನಬ್ಯಾಡ. ನಾಲಿಗಿ ಬಿದ್ದೀತು. ದೇವರ ಭಂಡಾರ ಸುರದ್ರ ಒಳ್ಳೇದಽ ಆಗ್ತದ. ನಾತ ಹೊಡದದ್ದು ಬ್ಯಾರೆ ಪಾಪದಿಂದ."

"ಮಲ್ಲಯ್ಯಗ ಯಾರೇನ್ ಅಂದಾರ್ರಿ ಅಮ್ಮಾರೆ? ಹಣಿಗೆ ಹಚ್ಚಿದ್ರ ಭಂಡಾರ. ನಿಮ್ಮ ಮೂಗಿನ್ಯಾಗ ಎರಡ್ ಬೊಗಸಿ ಸುರೀಲೇನು? ಒಳ್ಳೇದಽ ಆಗ್ತದ, ನೋಡಮು."

ಕುಸುಮ ಎಂಬಾಕೆಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಕೈಸನ್ನೆಯಿಂದ ಅರ್ಥವಾಗಿ ಕಿಸಕ್ಕನೆ ನಕ್ಕಳು. ನಿಜಲಿಂಗಪ್ಪನವರು ಒಮ್ಮೆ ಹಳದಿ ಪೆಟ್ಟಿಗೆ, ಒಮ್ಮೆ ಹೆಂಡತಿಯ ಮುಖ ನೋಡಿದರು. ತಕ್ಕಡಿಯ ಮುಂದೆ ನಲವತ್ತು ವರ್ಷ ಕೂತ ಕಣ್ಣು ಅವರದು. ಒಂದು ಕಡೆ ತಪ್ಪು ಮಾಡಿದ ಹೆಂಡತಿ, ಇನ್ನೊಂದು ಕಡೆ ಕಳ್ಳನಾದ ಆಳು. ಯಾವುದು ಮನೆಗೆ ಹಗುರ ಎಂದು ತೂಗಿದ್ದು ಅವರ ಮುಖದ ಮೇಲೇ ಕಾಣುತ್ತಿತ್ತು.

"ಇದೂ ಇರಬಹುದು, ಅದೂ ಇರಬಹುದು" ಎಂದು ತೀರ್ಪು ಕೊಟ್ಟರು. "ಮಾತ ಸಾಕು. ರಿಪೇರಿ ಮಾಡ್ತಿದ್ರ ಮಾಡು."

ಅವಳು ಮಾಡಿದಳು. ಹಳೆಯ ಫಿಲ್ಟರನ್ನು ಕಾಗದದಲ್ಲಿ ಸುತ್ತಿ ಚನ್ನಬಸವ್ವನ ಕೈಗೆ, "ದೇವರ ಕ್ವಾಣ್ಯಾಗ ಇಡ್ರಿ" ಎಂದು ಕೊಟ್ಟಳು. ಆಕೆ ಭಕ್ತಿಯಿಂದಲೇ ಇಸಿದುಕೊಂಡಳು, ಅದೊಂದು ಬೈಗುಳವೆಂದು ಹೊಳೆಯಲಿಲ್ಲ. ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಮೂಲೆ ಮೂಲೆ ಒರೆಸಿದಳು. ಎರಡು ಸ್ಕ್ರೂ ಬಿಚ್ಚಿ, ಹೆಬ್ಬೆರಳಿನಷ್ಟು ಸೆನ್ಸರನ್ನು ಹೊರತೆಗೆದು ಅದಕ್ಕೆಂದೇ ಇರುವ ಸ್ಪ್ರೇ ಹೊಡೆದಳು. ಬೆರಳು ತಾಗಿದರೆ ತಂತಿ ತುಂಡಾಗುತ್ತದೆ, ಹಾಗಾಗಿ ಹಸುಗೂಸಿನ ಕಣ್ಣು ತೊಳೆಯುವಂತೆ ದೂರದಿಂದ, ನಾಲ್ಕು ಸಲ. ಕಂದು ಹೊದಿಕೆ ಕರಗಿ ಸುರಿಯಿತು. ಒಣಗಿಸಿ, ಜೋಡಿಸಿ, ಇರಲಿ ಎಂದು ಗ್ಯಾರೇಜಿನಿಂದ ತಂದಿದ್ದ ಹೊಸ ಫಿಲ್ಟರನ್ನು ಚೀಲದಿಂದ ತೆಗೆದು ಕೂರಿಸಿ, ಕ್ಲಿಪ್ಪು ಹಾಕಿದಳು. ಸ್ಕ್ಯಾನರಿನಿಂದ ಗಾಡಿಯ ಹಳೆಯ ಲೆಕ್ಕ ಅಳಿಸಿದಳು.

"ಕನ್ವರ್ಟರ್ ಕಾಯಬೇಕು. ಆಗ ಕೂತಿದ್ದೆಲ್ಲ ಸುಟ್ಟು ಹೋಗ್ತದ. ಕಾತ್ರಜ್ ಘಾಟಿ ಹತ್ತಿ ಬರ್ತೀವಿ. ಇವರೂ ಬರ್ಲಿ." ಬೆರಳು ಶಮಂತನತ್ತ ಇತ್ತು. "ಮೂಗಿನ ಸಾಕ್ಷಿ ಬೇಕು. ಈ ಮನ್ಯಾಗ ನಾತದ ಹೆಸರು ಗೊತ್ತಿದ್ದವ್ರು ಇವರೊಬ್ರೇ."

ಅತ್ತೆಯ ಕಣ್ಣಿನಿಂದ ತಪ್ಪಿಸಿಕೊಳ್ಳಲು ಶಮಂತ್ ಯಾವ ಘಾಟಿಯನ್ನಾದರೂ ಹತ್ತುವವನಿದ್ದ. ಮರುಮಾತಿಲ್ಲದೆ ಹಿಂದೆ ಕೂತ. ಹಣಮಂತ್ರಾಯ ಓಡಿಸಿದ. ಏರಿನ ಮೊದಲಲ್ಲಿ ನಾತ ಇನ್ನೂ ಇತ್ತು, ಹೆಚ್ಚೂ ಆಯಿತು. ಶಮಂತ್ ಕಿಟಕಿ ಇಳಿಸಿ, "ಸೀ, ಐ ಟೋಲ್ಡ್ ಯೂ" ಎಂದ. ಅಪ್ಪ ಗೇರು ಇಳಿಸಿ, ಇಂಜಿನ್ನನ್ನು ಗಟ್ಟಿಯಾಗಿ ಉಸಿರಾಡಿಸುತ್ತ ತಿರುವು ತಿರುವು ಹತ್ತಿಸಿದ. ಅವನ ಕೈ ಸ್ಟೇರಿಂಗಿನ ಮೇಲೆ ಇರುವಾಗ ಮಾತ್ರ ಶಿವಕಾಂತಾಳಿಗೆ ಅವನ ಮೇಲೆ ಅಸಹ್ಯ ಬರುತ್ತಿರಲಿಲ್ಲ. ಅಲ್ಲಿ ಅವನು ಯಾರಿಗೂ ಬಾಗುತ್ತಿರಲಿಲ್ಲ. ಮೇಲೆ ನಿಲ್ಲಿಸಿ, ಇಂಜಿನ್ ಆರಿಸದೆ ಇಳಿದರು.

"ಹೋಗ್ರಿ, ಮೂಸ್ರಿ."

ಬಿಳಿ ಬೂಟಿನ ಹುಡುಗ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಿರುವಾಗ, ಮಾವನ ಕಾರಿನ ಹಿಂದೆ ಮೊಣಕಾಲೂರಿ ಮೂಗು ಒಡ್ಡಿದ. ಒಮ್ಮೆ ಮೂಸಿದ. ನಂಬದೆ ಇನ್ನೊಮ್ಮೆ ಮೂಸಿದ.

"ಏನೂ ಇಲ್ಲ" ಎಂದ. ನಂತರ ಸಣ್ಣ ದನಿಯಲ್ಲಿ, "ಅತ್ತೆಗೆ ಆ ಪ್ಯಾನಿನ ವಿಷ್ಯ ಮತ್ತೆ ತೆಗೀಬೇಡಿ ಪ್ಲೀಸ್."

"ಮಾವಗ ಖರೇ ಹೇಳ್ರಿ, ತಗಿಯಲ್ಲ."

ಪಾರ್ಕಿಂಗಿಗೆ ಮರಳಿದಾಗ ಹನ್ನೊಂದಕ್ಕೆ ಐದು ನಿಮಿಷ. ಹೊಸ ಚಾಲಕ ಬಂದಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ಶಮಂತ್ ನಾತ ಹೋಗಿದೆ ಎಂದು ಹೇಳಿದ. ಇಂಜಿನ್ ಇನ್ನೂ ಓಡುತ್ತಿತ್ತು. ನಿಜಲಿಂಗಪ್ಪನವರು ಸ್ವತಃ ಹಿಂದೆ ಹೋಗಿ, ಸಾಕಷ್ಟು ದೂರದಿಂದ ಮೂಸಿ, ತಲೆಯಾಡಿಸಿದರು.

"ಮಲ್ಲಯ್ಯ ಪರೀಕ್ಷಾ ಮಾಡಿದ" ಎಂದಳು ಚನ್ನಬಸವ್ವ.

"ಪಾಸ್ ಮಾಡಿದ" ಎಂದರು ನಿಜಲಿಂಗಪ್ಪ. ಆಮೇಲೆ ಹಣಮಂತ್ರಾಯನ ಹೆಗಲ ಹತ್ತಿರ ಬಾಗಿ, ಯಾರಿಗೂ ಕೇಳದಂತೆ, ಕನ್ನಡದಲ್ಲಿ: "ಆತು, ಆಗಿದ್ದಾತು. ಕೀಲಿ ನಿನ್ಹತ್ರನಽ ಇರ್ಲಿ. ಗಾಡಿ ತಗಿ, ತಡಾ ಆತು."

"ಹೌದ್ರಿ ಸಾಹೇಬ್ರ, ಹೌದ್ರಿ" ಎಂದ ಅಪ್ಪ. ಅವನ ಕಣ್ಣಲ್ಲಿ ನೀರಿತ್ತು, ಕೃತಜ್ಞತೆಯ ನೀರು. ಎರಡೂ ಕೈ ಜೋಡಿಸಿದ್ದ.

ಬುಧವಾರ ಕೂಗಿದ್ದು ಇಡೀ ಪಾರ್ಕಿಂಗಿಗೆ, ಮರಾಠಿಯಲ್ಲಿ, ಎರಡು ಸಲ. ಇವತ್ತು ಪಿಸುಗುಟ್ಟಿದ್ದು ಒಂದು ಕಿವಿಗೆ. ಆ ಇಬ್ಬರು ಚಾಲಕರು ಇನ್ನೂ ಅಲ್ಲೇ ಇದ್ದರು. ಅವರ ಪಾಲಿಗೆ ಇವತ್ತು ನಡೆದದ್ದು ಇಷ್ಟೇ: ಕಳ್ಳನ ಮಗಳು ಬಂದು ಕಾಲಿಗೆ ಬಿದ್ದಳು, ಸಾಹುಕಾರ ದೊಡ್ಡ ಮನಸ್ಸು ಮಾಡಿದ.

ಅವಳು ಮತ್ತೆ ಬಾನೆಟ್ ಎತ್ತಿದಳು. ಎರಡು ಸ್ಕ್ರೂ. ಸೆನ್ಸರು ಅವಳ ಅಂಗೈಯಲ್ಲಿತ್ತು. ಇಂಜಿನ್ನು ಎರಡು ಸಲ ಕೆಮ್ಮಿ ಆರಿತು.

"ಏನ್ ಮಾಡಿದಿ?"

"ಮಾಡಿದ್ದನ್ನ ತಗದೀನ್ರಿ. ನಾ ಹಾಕಿದ್ದು ನನ್ನ ಕೈಯಾಗ ಅದ. ಇದಿಲ್ಲದಿದ್ರ ಗಾಡಿ ಬಾರಾಮತಿ ಅಲ್ಲ, ಗೇಟ್ ದಾಟೂದೂ ಕಷ್ಟ. ಬುಧವಾರ ಏನ್ ಅಂದ್ರಿ, ಎಲ್ಲಿ ನಿಂತು ಅಂದ್ರಿ? ಅಲ್ಲೇ ನಿಲ್ರಿ. ಅದೇ ಭಾಷಾದಾಗ, ಅಷ್ಟೇ ಜೋರಲೆ, ಈಗಿಂದು ಹೇಳ್ರಿ."

"ಶಿವೂ, ನನ್ ಮಾತ್ ಕೇಳು. ನಮ್ಮ ಸಾಹೇಬ್ರು…"

"ನೀ ಸುಮ್ನಿರಪ್ಪ. ಹತ್ತೊಂಬತ್ತ ವರ್ಷ ಮಾತಾಡೀದಿ."

ನಿಜಲಿಂಗಪ್ಪನವರ ಕುತ್ತಿಗೆಯ ಮೇಲೆ ಕೆಂಪು ಏರಿತು. "ಸಣ್ಣ ಹುಡುಗಿ, ಧಮಕಿ ಹಾಕ್ತೀಯಾ? ಪೊಲೀಸರಿಗೆ ಫೋನ್ ಮಾಡ್ಲೇನು?"

"ಮಾಡ್ರಿ. ಗಾಡಿ ಹೊಟ್ಟ್ಯಾಗ ಎರಡು ಸೇರು ಅರಿಶಿನ ಸುರದವರು ಯಾರು ಅಂತ ಪಂಚನಾಮ ಬರೀಲಿ. ಅಮ್ಮಾರ ಹೆಸರು ಮದ್ಲ ಬರ್ತದ."

ಚನ್ನಬಸವ್ವ ಕಾಗದದ ಪೊಟ್ಟಣವನ್ನು ಸೆರಗಿನೊಳಗೆ ಸರಿಸಿದಳು. "ಹೇಳಿ ಮುಗಸ್ರಿ" ಎಂದಳು ಗಂಡನಿಗೆ, ಕಣ್ಣು ಬೇರೆ ಕಡೆ ಇಟ್ಟು. "ಮುಹೂರ್ತ ತಪ್ತದ."

ನಿಜಲಿಂಗಪ್ಪನವರು ಪಾರ್ಕಿಂಗಿನ ನಡುವೆ ಹೋಗಿ ನಿಂತರು. ಗಂಟಲು ಸರಿಮಾಡಿಕೊಂಡರು. ಉಗುಳುವವರಂತೆ ಮುಖ ಮಾಡಿ, "ಹಣಮಂತಾ ಚೋರ್ ನಾಹೀ" ಎಂದರು.

"ಕೇಳಿಸ್ಲಿಲ್ರಿ. ಆ ಡ್ರೈವರ್ ಮಂದಿ ದೂರ ಅದಾರ. ಆವತ್ತು ಎರಡು ಸಲ ಅಂದಿದ್ರಿ."

"ಹಣಮಂತಾ ಚೋರ್ ನಾಹೀ! ಪೆಟ್ರೋಲ್ ಬರೋಬರ್ ಹೋತಂ! ಮಾಝೀ ಚೂಕ್ ಝಾಲೀ!"

ಹಣಮಂತ ಕಳ್ಳನಲ್ಲ, ಪೆಟ್ರೋಲು ಸರಿಯಿತ್ತು, ತಪ್ಪು ನನ್ನದು. ಮಾತು ಕಾಂಕ್ರೀಟಿನ ಕಂಬಗಳಿಗೆ ಬಡಿದು ಎರಡನೆಯ ಸಲ ತಾನೇ ಕೇಳಿಸಿತು. ವಾಚ್‌ಮನ್ ತನ್ನ ಟೋಪಿ ಸರಿಮಾಡಿಕೊಂಡ. ಚಾಲಕರಲ್ಲೊಬ್ಬ ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಂದು, ಏನೂ ಆಗದವನಂತೆ ಹಣಮಂತ್ರಾಯನಿಗೆ, "ಸಂಧ್ಯಾಕಾಳೀ ಚಹಾಲಾ ಯೇ ರೇ" ಎಂದ. ಸಂಜೆ ಚಹಾಕ್ಕೆ ಬಾ.

ಶಿವಕಾಂತಾ ಸೆನ್ಸರನ್ನು ಜಾಗದಲ್ಲಿಟ್ಟು ಸ್ಕ್ರೂ ಬಿಗಿದು, ಕೀಲಿ ತಿರುಗಿಸಿದಳು. ಇಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅವಳಿಗೆ ಗೆದ್ದಂತೆ ಅನ್ನಿಸಬೇಕಿತ್ತು. ಆದರೆ ಅಪ್ಪ ಈಗಲೂ ಆ ಗಾಡಿಯಲ್ಲೇ ಕೂಡುತ್ತಾನೆ, ಈಗಲೂ ಹೌದ್ರಿ ಎನ್ನುತ್ತಾನೆ ಎಂದು ನೆನೆದು ನಾಲಿಗೆ ಮತ್ತೆ ಕಹಿಯಾಯಿತು. ಬಾನೆಟ್ ಹಾಕಿ, ಚೀಲ ತುಂಬಿಕೊಳ್ಳುತ್ತ ಅವನ ಕಡೆ ಬೆನ್ನು ತಿರುಗಿಸಿದಳು.

ಹಣಮಂತ್ರಾಯ ಚಾಲಕನ ಆಸನದಲ್ಲಿ ಕೂತ. ಕನ್ನಡಿ ಸರಿಮಾಡಿಕೊಂಡ. ನಿಜಲಿಂಗಪ್ಪನವರು ಬಂದು ಮುಂದೆ ಕೂತರು. ಚನ್ನಬಸವ್ವ ಹಿಂದಿನ ಬಾಗಿಲ ಬಳಿ ಬಂದು ನಿಂತಳು.

ನಿಂತೇ ಇದ್ದಳು. ಆಕೆ ಆ ಬಾಗಿಲನ್ನು ಯಾವತ್ತೂ ತಾನಾಗಿ ತೆಗೆದವಳಲ್ಲ. ಹಣಮಂತ್ರಾಯ ಇಳಿದು ಸುತ್ತಿ ಬರಬೇಕು, ತೆಗೆಯಬೇಕು, ಸೀರೆಯ ಅಂಚು ಒಳಗೆ ಬಂತೆ ಎಂದು ನೋಡಿ ಮೆಲ್ಲಗೆ ಹಾಕಬೇಕು. ಅವನು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಎದುರಿನ ಗೇಟು ನೋಡುತ್ತ ಕೂತಿದ್ದ. ಬಳೆ ಸದ್ದು ಮಾಡಿದವು. ಒಮ್ಮೆ ಕೆಮ್ಮು ಬಂತು. ನಿಜಲಿಂಗಪ್ಪನವರು ಅವನ ಮುಖ ನೋಡಿದರು, ಏನೋ ಹೇಳಹೊರಟು, ಆಚೆ ನಿಂತ ಚಾಲಕರನ್ನು ನೋಡಿ ಬಿಟ್ಟರು.

"ಕೂಡ್ರಿ" ಎಂದ ಹಣಮಂತ್ರಾಯ, ಗೇಟಿನಿಂದ ಕಣ್ಣು ಕೀಳದೆ. "ತಡಾ ಆಗ್ತದ."

ರೀ ಇತ್ತು. ಅಮ್ಮಾರೆ ಇರಲಿಲ್ಲ.

ಶಿವಕಾಂತಾಳ ಕೈ ಚೀಲದ ಜಿಪ್ಪಿನ ಮೇಲೆ ನಿಂತಿತು. ಚನ್ನಬಸವ್ವ ಬಾಗಿಲಿನ ಹಿಡಿಕೆಯನ್ನು ಎಳೆದು ನೋಡಿದಳು, ತಳ್ಳಿ ನೋಡಿದಳು. ಅದು ಹೇಗೆ ತೆರೆಯುತ್ತದೆ ಎಂಬುದು ಆಕೆಗೆ ಗೊತ್ತೇ ಇರಲಿಲ್ಲ. ಕಡೆಗೆ ನಿಜಲಿಂಗಪ್ಪನವರು ಇಳಿದು, ಹೊಟ್ಟೆ ಸಾಗಿಸಿಕೊಂಡು ಗಾಡಿಯನ್ನು ಸುತ್ತಿ ಬಂದು, ಹೆಂಡತಿಗೆ ಬಾಗಿಲು ತೆಗೆದರು.